ವಾಚ್ ತೋರಿಸುವ ಎದೆಬಡಿತ, ಮೈ ಹೇಳುವ ಮಾತು: ವ್ಯಾಯಾಮದ ಲೆಕ್ಕ ಹಾಕುವುದು ಹೇಗೆ?

ಸ್ಯಾನ್ ಮಟಿಯೋ (ಕ್ಯಾಲಿಫೋರ್ನಿಯಾ): ಕೊಲ್ಲಿ ಅಂದ ಕೂಡಲೇ ನೆನಪಾಗುವುದು ದುಬೈ, ದೋಹಾ, ದಮ್ಮಾಮ್, ಮಸ್ಕತ್. ಆದರೆ ಕನ್ನಡಿಗರು ಹೋಗಿ ನೆಲೆಸಿದ ಇನ್ನೊಂದು ಕೊಲ್ಲಿಯೂ ಇದೆ, ಅದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ. ಅದರ ಪಶ್ಚಿಮ ದಂಡೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ಸಿಲಿಕಾನ್ ವ್ಯಾಲಿಗೂ ನಡುವೆ ಇರುವ ಊರು ಸ್ಯಾನ್ ಮಟಿಯೋ. ಕಯೋಟಿ ಪಾಯಿಂಟ್‌ನ ನೀರಂಚಿನ ದಾರಿಯಲ್ಲೋ, ಊರಿನ ಪಶ್ಚಿಮಕ್ಕೆ ಗುಡ್ಡದಾಚೆ ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯದ ಬದಿಯ ಸಾಯರ್ ಕ್ಯಾಂಪ್ ಟ್ರೇಲ್‌ನಲ್ಲೋ ನಡೆಯುವವರನ್ನು ಗಮನಿಸಿದರೆ, ಹಲವರ ಕೈಯಲ್ಲಿ ಸ್ಮಾರ್ಟ್ ವಾಚ್ ಕಾಣಿಸುತ್ತದೆ. ನಡೆಯುತ್ತಾ ನಡುನಡುವೆ ಮಣಿಕಟ್ಟು ತಿರುಗಿಸಿ ಎದೆಬಡಿತ ಎಷ್ಟಿದೆ ಅಂತ ನೋಡಿಕೊಳ್ಳುತ್ತಾರೆ.

ಈ ಅಭ್ಯಾಸ ಗಲ್ಫ್‌ಗೂ ಬಂದು ಬಹಳ ಕಾಲವಾಯಿತು. ಒಂದೇ ಮನೆಯ ಅಣ್ಣ ಸ್ಯಾನ್ ಮಟಿಯೋದಲ್ಲಿ, ತಮ್ಮ ದಮ್ಮಾಮ್‌ನಲ್ಲಿ ಇದ್ದಾರೆ ಅಂದುಕೊಳ್ಳಿ. ಮನೆಯ ವಾಟ್ಸಾಪ್ ಗ್ರೂಪಿಗೆ ಅಣ್ಣನ ವಾಚಿನ ಫೋಟೋ ಬರುತ್ತದೆ: 45 ನಿಮಿಷ ನಡಿಗೆ, ಸರಾಸರಿ ಬಡಿತ 130. ತಮ್ಮನಿಗೂ ಉಮೇದು ಬರುತ್ತದೆ. ತಾನೂ 130 ಮುಟ್ಟಬೇಕು ಅಂತ ಸಂಜೆ ಡ್ಯೂಟಿ ಮುಗಿಸಿ, ಇನ್ನೂ ಕಾದೇ ಇರುವ ರಸ್ತೆಗೆ ಇಳಿಯುತ್ತಾನೆ. ಎಡವಟ್ಟಾಗುವುದು ಇಲ್ಲೇ. ಅಣ್ಣನ ಮೈಗೆ, ಅಣ್ಣನ ಊರಿನ ಹವೆಗೆ 130 ಸರಿಯಿರಬಹುದು. ತಮ್ಮನಿಗೆ ಅದು ಕಡಿಮೆಯೂ ಆಗಬಹುದು, ಅಪಾಯಕ್ಕೆ ಹತ್ತಿರವೂ ಆಗಬಹುದು. ಎದೆಬಡಿತದ ಅಂಕಿ ಬಹಳ ಉಪಯೋಗದ್ದು, ಆದರೆ ಅದು ಅವರವರ ಖಾತೆಯ ಅಂಕಿ. ಇನ್ನೊಬ್ಬರ ಖಾತೆಯಿಂದ ಎತ್ತಿ ನಮ್ಮ ಪುಸ್ತಕಕ್ಕೆ ಬರೆದುಕೊಳ್ಳಲು ಬರುವುದಿಲ್ಲ.

ನಮ್ಮವರಿಗೆ ಈ ಲೆಕ್ಕ ಯಾಕೆ ಬೇಕು?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಕನ್ನಡಿಗರು ಎಲ್ಲಿದ್ದರೂ ಬೆಚ್ಚಿದ್ದರು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಕೆಲವರು ಹೆದರಿ ಜಿಮ್ಮಿಗೆ ಹೋಗುವುದನ್ನೇ ಬಿಟ್ಟರು. ಆದರೆ ಒಬ್ಬರ ಅಕಾಲ ಸಾವಿನಿಂದ ವ್ಯಾಯಾಮವೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ವರ್ಷಗಟ್ಟಲೆ ಕೂತೇ ಇದ್ದವರು ಒಂದು ದಿನ ಏಕಾಏಕಿ ಜೋರು ಶ್ರಮಕ್ಕೆ ಇಳಿದರೆ ಹೃದಯಕ್ಕೆ ಅಪಾಯ ಹೆಚ್ಚು. ದಿನವೂ ಹದವಾಗಿ ಮೈ ದಂಡಿಸುವವರಿಗೆ ಆ ಅಪಾಯ ಕಡಿಮೆ. ಪ್ರಶ್ನೆ ಇರುವುದು ಹದದ್ದು.

ದಕ್ಷಿಣ ಏಷ್ಯಾದವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನದ ಪ್ರಕಾರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದ ದೇಶಗಳಲ್ಲಿ 53, ಉಳಿದ ದೇಶಗಳಲ್ಲಿ ಸುಮಾರು 59. ಅಂದರೆ ಹೆಚ್ಚುಕಡಿಮೆ ಆರು ವರ್ಷ ಮೊದಲೇ. ಮಕ್ಕಳ ಓದು, ಮನೆ ಸಾಲ ಎರಡೂ ಬಾಕಿ ಇರುವ ವಯಸ್ಸು ಅದು.

ಸ್ಯಾನ್ ಮಟಿಯೋ ಇರುವ ಬೇ ಏರಿಯಾದಲ್ಲೇ ಇದರ ಮೇಲೆ ದೊಡ್ಡದೊಂದು ಅಧ್ಯಯನ ನಡೆಯುತ್ತಿದೆ. ಅದರ ಉದ್ದ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಇಟ್ಟ ಚುಟುಕು ಹೆಸರು 'ಮಸಾಲಾ'. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಷಿಕಾಗೋ ಕಡೆಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸೇರಿ 2010ರಿಂದ 2013ರವರೆಗೆ 40ರಿಂದ 84 ವರ್ಷದೊಳಗಿನ 906 ಮಂದಿ ದಕ್ಷಿಣ ಏಷ್ಯಾ ಮೂಲದವರನ್ನು ಸೇರಿಸಿಕೊಂಡವು. ಆಗ ಅವರಲ್ಲಿ ಯಾರಿಗೂ ಹೃದಯದ ಕಾಯಿಲೆ ಇರಲಿಲ್ಲ. ಆದರೂ ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದಾಗ ಅವರಲ್ಲಿ 23% ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಅದೇ ಅಳತೆಯಲ್ಲಿ ಅಮೆರಿಕದ ಬಿಳಿಯರಲ್ಲಿ ಇದ್ದದ್ದು 6%. ಒಳ್ಳೆ ಸಂಬಳ, ಒಳ್ಳೆ ಆಸ್ಪತ್ರೆ, ತಂಪು ಹವೆ ಎಲ್ಲ ಇರುವ ಕಡೆಯೇ ಹೀಗಾದರೆ, ದಿನಕ್ಕೆ ಹತ್ತು ಗಂಟೆ ಗಾಡಿಯ ಸ್ಟಿಯರಿಂಗ್ ಹಿಡಿದೋ, ಕ್ಯಾಶ್ ಕೌಂಟರಿನಲ್ಲೋ ಕಳೆದು ರಾತ್ರಿ ಹೋಟೆಲ್ ಪರೋಟ ತಿಂದು ಮಲಗುವವರು ಸುಮ್ಮನಿರುವಂತಿಲ್ಲ.

ಎದೆಬಡಿತ ಏನು ಹೇಳುತ್ತದೆ?

ನಡಿಗೆ, ಓಟ, ಸೈಕಲ್, ಈಜು ಮುಂತಾದ ಏರೋಬಿಕ್ ವ್ಯಾಯಾಮದಲ್ಲಿ ಮಾಂಸಖಂಡಗಳಿಗೆ ಆಮ್ಲಜನಕ ಹೆಚ್ಚು ಬೇಕು. ಅದನ್ನು ಹೊತ್ತೊಯ್ಯುವುದು ರಕ್ತ, ರಕ್ತವನ್ನು ತಳ್ಳುವುದು ಹೃದಯ. ಕೆಲಸ ಹೆಚ್ಚಿದಂತೆ ಬಡಿತವೂ ಹೆಚ್ಚುತ್ತದೆ. ಹಾಗಾಗಿ ಬಡಿತ ಎಣಿಸಿದರೆ ಮೈ ಎಷ್ಟು ಶ್ರಮಪಡುತ್ತಿದೆ ಎಂಬುದು ಅಂದಾಜಾಗಿ ತಿಳಿಯುತ್ತದೆ. ಎಷ್ಟು ಕಿಲೋಮೀಟರ್ ನಡೆದಿರಿ ಎಂಬುದಕ್ಕಿಂತ ಇದು ಒಳ್ಳೆಯ ಅಳತೆ. ಅಭ್ಯಾಸ ಇದ್ದವರಿಗೆ ಎರಡು ಕಿಲೋಮೀಟರ್ ಅಂದರೆ ಏನೂ ಅಲ್ಲ, ಇಲ್ಲದವರಿಗೆ ಅದೇ ಬೆಟ್ಟ ಹತ್ತಿದ ಹಾಗೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ ಬೇಕು. ಎರಡನ್ನೂ ಬೆರೆಸಬಹುದು. ಹಾಗಾದರೆ ಮಧ್ಯಮ ಯಾವುದು, ಜೋರು ಯಾವುದು? ಎದೆಬಡಿತದ ಲೆಕ್ಕ ಬರುವುದು ಈ ಗೆರೆ ಎಳೆಯಲಿಕ್ಕೆ.

220ರ ಲೆಕ್ಕ, ಅದರ ಮಿತಿ

ಎಲ್ಲರಿಗೂ ಬಾಯಿಪಾಠ ಆಗಿರುವ ಸೂತ್ರ ಒಂದೇ: 220ರಿಂದ ವಯಸ್ಸು ಕಳೆಯಿರಿ, ಬರುವುದೇ ಗರಿಷ್ಠ ಬಡಿತ. 45 ವರ್ಷದವರಿಗೆ 175. ಅದರ 64%ರಿಂದ 76%ರವರೆಗೆ ಮಧ್ಯಮ ಶ್ರಮ, ಅಂದರೆ ನಿಮಿಷಕ್ಕೆ 112ರಿಂದ 133. 77%ರಿಂದ 93%ರವರೆಗೆ ಜೋರು ಶ್ರಮ, ಅಂದರೆ ಸುಮಾರು 135ರಿಂದ 163. ಇದೇ ರೀತಿ 30 ವರ್ಷದವರ ಮಧ್ಯಮ ಶ್ರಮ 122ರಿಂದ 144, 50 ವರ್ಷದವರದು 109ರಿಂದ 129, 60 ವರ್ಷದವರದು 102ರಿಂದ 122. ಲೆಕ್ಕ ಸುಲಭ, ಮನಸ್ಸಿನಲ್ಲೇ ಮಾಡಬಹುದು. ಜಿಮ್ಮಿನ ಗೋಡೆಯ ಮೇಲಿನ ಚಾರ್ಟಿಗೆ, ಟ್ರೆಡ್‌ಮಿಲ್ಲಿನ ಪರದೆಗೆ ಇದು ಬಂದದ್ದೂ ಅದಕ್ಕೇ.

ಆದರೆ ಈ ಸೂತ್ರ ಹುಟ್ಟಿದ ಬಗೆ ತಿಳಿದರೆ ಅದನ್ನು ಎಷ್ಟು ನಂಬಬೇಕು ಅನ್ನುವುದೂ ತಿಳಿಯುತ್ತದೆ. 1970ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ವಿಲಿಯಂ ಹ್ಯಾಸ್ಕೆಲ್ ಆಗಲೇ ಪ್ರಕಟವಾಗಿದ್ದ ಕೆಲವು ಅಧ್ಯಯನಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಗುರುತಿಸಿ ನಡುವೆ ಒಂದು ಗೆರೆ ಎಳೆದರು. ಅದು 1971ರಲ್ಲಿ ಅಚ್ಚಾಯಿತು. ಸೂತ್ರ ಕಂಡುಹಿಡಿಯಲಿಕ್ಕೆಂದೇ ಜನರನ್ನು ಓಡಿಸಿ ಮಾಡಿದ ಪ್ರಯೋಗ ಅದಾಗಿರಲಿಲ್ಲ. ಮುಂದೆ ಸ್ಯಾನ್ ಮಟಿಯೋದಿಂದ ಅರ್ಧ ಗಂಟೆ ದೂರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದೀರ್ಘ ಕಾಲ ಕೆಲಸ ಮಾಡಿದ ಹ್ಯಾಸ್ಕೆಲ್ ಅವರೇ, ಜನರ ತರಬೇತಿಗೆ ಇದನ್ನು ಕಟ್ಟುನಿಟ್ಟಿನ ನಿಯಮವಾಗಿಸುವ ಉದ್ದೇಶ ತಮಗಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿದ್ದರು. 2001ರಲ್ಲಿ ಹಿರೋಫುಮಿ ತನಕಾ ಮತ್ತು ಸಂಗಡಿಗರು ಬಹಳಷ್ಟು ಅಧ್ಯಯನಗಳನ್ನು ಒಟ್ಟು ಹಾಕಿ ಇನ್ನೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. 40ನೇ ವಯಸ್ಸಿಗೆ ಎರಡೂ ಸೂತ್ರದಲ್ಲಿ 180 ಬರುತ್ತದೆ. 60ನೇ ವಯಸ್ಸಿಗೆ ಹಳೆಯದರಲ್ಲಿ 160, ಹೊಸದರಲ್ಲಿ 166.

ಸೂತ್ರ ಯಾವುದಾದರೂ ಅದು ಸರಾಸರಿ. ಒಂದೇ ವಯಸ್ಸಿನವರ ನಿಜವಾದ ಗರಿಷ್ಠ ಬಡಿತ ಈ ಸರಾಸರಿಗಿಂತ 10-12 ಹೆಚ್ಚೋ ಕಡಿಮೆಯೋ ಇರುವುದು ಮಾಮೂಲು, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಅಂತರ ಇರುತ್ತದೆ. ಇದರಿಂದ ಆಗುವ ವ್ಯತ್ಯಾಸ ನೋಡಿ. 45 ವರ್ಷದ ಇಬ್ಬರು ವಾಚಿನಲ್ಲಿ 133 ನೋಡಿಕೊಂಡು ಜತೆಯಲ್ಲಿ ನಡೆಯುತ್ತಿದ್ದಾರೆ. ಒಬ್ಬರ ನಿಜವಾದ ಗರಿಷ್ಠ ಬಡಿತ 195, ಇನ್ನೊಬ್ಬರದು 160. ಮೊದಲನೆಯವರಿಗೆ 133 ಅಂದರೆ 68%, ಆರಾಮದ ಮಧ್ಯಮ ಶ್ರಮ. ಎರಡನೆಯವರಿಗೆ ಅದೇ 133 ಅಂದರೆ 83%, ಜೋರು ಶ್ರಮ. ಚಾರ್ಟಿನ ಪ್ರಕಾರ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಮೈ ಪ್ರಕಾರ ಬೇರೆ ಬೇರೆ ಮನೆಯಲ್ಲಿದ್ದಾರೆ.

ಆರಂಭದ ಶಿಲ್ಕು ನೋಡಿ

ಲೆಕ್ಕ ಬರೆಯುವವರು ಮೊದಲು ನೋಡುವುದು ಆರಂಭದ ಶಿಲ್ಕು. ಎದೆಬಡಿತಕ್ಕೂ ಅಂಥದ್ದೊಂದಿದೆ, ಅದು ಸುಮ್ಮನಿದ್ದಾಗಿನ ಬಡಿತ. ಬೆಳಗ್ಗೆ ಎಚ್ಚರವಾದ ಮೇಲೆ ಚಾ ಕುಡಿಯುವ ಮೊದಲು, ಹಾಸಿಗೆಯಲ್ಲೇ ಇದ್ದು ಎಣಿಸಬೇಕು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬದಿಗೆ ತೋರುಬೆರಳು ಮತ್ತು ನಡುಬೆರಳು ಮೆಲ್ಲಗೆ ಇಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ಒತ್ತಿ ನೋಡಬೇಡಿ, ಅದರ ಸ್ವಂತ ಮಿಡಿತವೇ ಲೆಕ್ಕ ಕೆಡಿಸುತ್ತದೆ. ಮೂರು ನಾಲ್ಕು ದಿನ ನೋಡಿ ಸರಾಸರಿ ತೆಗೆಯಿರಿ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರ ನಡುವೆ ಇರುತ್ತದೆ. ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ 60ಕ್ಕಿಂತ ಕೆಳಗೂ ಇರಬಹುದು.

ಈ ಶಿಲ್ಕನ್ನು ಲೆಕ್ಕಕ್ಕೆ ತಂದವರು ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್ ಮತ್ತು ಸಂಗಡಿಗರು, 1957ರಲ್ಲಿ. ಗರಿಷ್ಠ ಬಡಿತದಿಂದ ಸುಮ್ಮನಿದ್ದಾಗಿನ ಬಡಿತ ಕಳೆದರೆ ಉಳಿಯುವುದು ಮೀಸಲು. ಮೀಸಲಿನ 40%ರಿಂದ 59%ರವರೆಗೆ ಬಳಸಿದರೆ ಮಧ್ಯಮ ಶ್ರಮ. ಬಂದ ಅಂಕಿಗೆ ಮತ್ತೆ ಸುಮ್ಮನಿದ್ದಾಗಿನ ಬಡಿತ ಕೂಡಿಸಬೇಕು.

ಅಂದಾಜು ಗರಿಷ್ಠ ಬಡಿತ 175 ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರ ಸುಮ್ಮನಿದ್ದಾಗಿನ ಬಡಿತ 60. ಮೀಸಲು 115, ಮಧ್ಯಮ ಶ್ರಮ 106ರಿಂದ 128. ಇನ್ನೊಬ್ಬರದು 82. ಮೀಸಲು 93, ಮಧ್ಯಮ ಶ್ರಮ 119ರಿಂದ 137. ವಾಚಿನಲ್ಲಿ 110 ತೋರಿಸಿದಾಗ ಮೊದಲನೆಯವರಿಗೆ ವ್ಯಾಯಾಮ ಆಗುತ್ತಿದೆ, ಎರಡನೆಯವರಿಗೆ ಇನ್ನೂ ಶುರುವಾಗಿಲ್ಲ. ತಿಂಗಳುಗಟ್ಟಲೆ ಬಿಡದೆ ನಡೆದರೆ ಸುಮ್ಮನಿದ್ದಾಗಿನ ಬಡಿತ ನಿಧಾನಕ್ಕೆ ಇಳಿಯುವುದುಂಟು. ಆಗ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ವಾಚನ್ನು ಎಷ್ಟು ನಂಬಬಹುದು?

ಇದಕ್ಕೂ ಉತ್ತರ ಸ್ಯಾನ್ ಮಟಿಯೋ ನೆರೆಯ ಸ್ಟ್ಯಾನ್‌ಫರ್ಡ್‌ನಿಂದಲೇ ಬಂದಿದೆ. ಅಲ್ಲಿನ ತಂಡ 60 ಮಂದಿಗೆ ಕೈಗೆ ಕಟ್ಟುವ ಏಳು ಬಗೆಯ ಸಾಧನ ಕೊಟ್ಟು ನಡೆಸಿ, ಓಡಿಸಿ, ಸೈಕಲ್ ತುಳಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಏಳರಲ್ಲಿ ಆರು ಸಾಧನಗಳು ಎದೆಬಡಿತವನ್ನು 5%ಕ್ಕಿಂತ ಕಡಿಮೆ ತಪ್ಪಿನಲ್ಲಿ ಅಳೆದವು. ಆದರೆ ಕ್ಯಾಲೊರಿ ಲೆಕ್ಕದಲ್ಲಿ ಎಲ್ಲವೂ ಫೇಲು. ಅತ್ಯುತ್ತಮ ಸಾಧನದ ಸರಾಸರಿ ತಪ್ಪೇ 27%, ಅತಿ ಕಳಪೆಯದ್ದು 93%. ಹಾಗಾಗಿ ಬಡಿತ ನೋಡಲಿಕ್ಕೆ ವಾಚ್ ಆಗಬಹುದು. 400 ಕ್ಯಾಲೊರಿ ಸುಟ್ಟಿದೆ ಅಂತ ವಾಚ್ ಹೇಳಿದ ಧೈರ್ಯದಲ್ಲಿ ಇನ್ನೊಂದು ಪ್ಲೇಟ್ ಬಿರಿಯಾನಿ ತಿನ್ನುವುದು ಬೇಡ.

ವಾಚು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ಒಳಗೆ ರಕ್ತ ಉಕ್ಕಿ ಇಳಿಯುವುದನ್ನು ಗಮನಿಸಿ ಬಡಿತ ಎಣಿಸುತ್ತದೆ. ಪಟ್ಟಿ ಸಡಿಲ ಇದ್ದರೆ, ಕೈ ಜೋರಾಗಿ ಅಲುಗಾಡಿದರೆ ಅಂಕಿ ದಾರಿ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಷ್ಟು ಮೇಲೆ, ಅಲುಗದ ಹಾಗೆ ಕಟ್ಟಿ. ಅಂಕಿ ವಿಚಿತ್ರ ಅನಿಸಿದರೆ ನಿಂತು 15 ಸೆಕೆಂಡ್ ಬೆರಳಿನಿಂದಲೇ ಎಣಿಸಿ ನಾಲ್ಕರಿಂದ ಗುಣಿಸಿ. ವಾಚ್ ಕೊಳ್ಳಲು ದುಡ್ಡಿಲ್ಲದವರಿಗೂ ಇದೇ ದಾರಿ, ಖರ್ಚಿಲ್ಲ.

ಮಾತಾಡಿ ನೋಡಿ

ಎಲ್ಲ ಸೂತ್ರಗಳನ್ನೂ ತಾಳೆ ನೋಡಲಿಕ್ಕೆ ಒಂದು ಸರಳ ಪರೀಕ್ಷೆ ಇದೆ. ನಡೆಯುತ್ತಾ ಜತೆಯವರೊಂದಿಗೆ ಮಾತಾಡಲು ಆಗುತ್ತದೆ, ಆದರೆ ಹಾಡಲು ಉಸಿರು ಸಾಲುವುದಿಲ್ಲ ಅಂದರೆ ಅದು ಮಧ್ಯಮ ಶ್ರಮ. ನಾಲ್ಕು ಪದ ಹೇಳುವಷ್ಟರಲ್ಲಿ ಉಸಿರಿಗೆ ನಿಲ್ಲಬೇಕಾದರೆ ಅದು ಜೋರು. ಆರಾಮಾಗಿ ಹಾಡಬಹುದಾದರೆ ಅದು ಬರೀ ಅಡ್ಡಾಟ, ಹೆಜ್ಜೆ ಸ್ವಲ್ಪ ಚುರುಕಾಗಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮ ಎಷ್ಟು ಅನಿಸುತ್ತಿದೆ ಎಂಬುದಕ್ಕೆ 6ರಿಂದ 20ರವರೆಗಿನ ಅಳತೆಪಟ್ಟಿಯನ್ನೇ ಮಾಡಿದ್ದರು. ಅದರಲ್ಲಿ 12-13 ಅಂದರೆ 'ಸ್ವಲ್ಪ ಕಷ್ಟ, ಆದರೆ ಮುಂದುವರಿಸಬಹುದು' ಎಂಬ ಹಂತ. ವಾಚಿನ ಅಂಕಿಗೂ ಮೈ ಹೇಳುವುದಕ್ಕೂ ತಾಳೆಯಾಗದಿದ್ದರೆ ಮೈ ಹೇಳಿದ್ದನ್ನು ಕೇಳಿ.

ಗಲ್ಫ್‌ನಲ್ಲಿ ಬಿಸಿಲೂ ಲೆಕ್ಕಕ್ಕೆ ಬರಬೇಕು

ಸ್ಯಾನ್ ಮಟಿಯೋದಲ್ಲಿ ಬೇಸಿಗೆ ಮಧ್ಯಾಹ್ನವೂ ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸು. ಸಾಗರದ ಕಡೆಯ ತಂಪು ಗಾಳಿ, ಗುಡ್ಡದ ಮೇಲಿಂದ ಇಳಿಯುವ ಮಂಜು. ಗಲ್ಫ್‌ನ ಬೇಸಿಗೆಯಲ್ಲಿ 40 ದಾಟುವುದು ದಿನದ ಮಾತು, ಕರಾವಳಿ ನಗರಗಳಲ್ಲಿ ಸಂಜೆಯೂ ಸೆಕೆ. ಈ ಹವೆಯಲ್ಲಿ ಹೃದಯಕ್ಕೆ ಎರಡು ಡ್ಯೂಟಿ. ಕಾಲಿಗೂ ರಕ್ತ ಕಳಿಸಬೇಕು, ಮೈ ತಂಪಾಗಿಸಲು ಚರ್ಮಕ್ಕೂ ಕಳಿಸಬೇಕು. ಬೆವರಿ ನೀರು ಹೋದಂತೆ ಪ್ರತಿ ಬಡಿತಕ್ಕೆ ಹೊರಡುವ ರಕ್ತ ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಬಡಿತ ಇನ್ನೂ ಏರುತ್ತದೆ. ಅದೇ ವ್ಯಕ್ತಿ ಅದೇ ವೇಗದಲ್ಲಿ ನಡೆದರೂ ತಂಪು ಊರಿನಲ್ಲಿ 115 ಇದ್ದದ್ದು ಇಲ್ಲಿ 130 ದಾಟಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಸೆಕೆಯಲ್ಲಿ ವೇಗ ಹಿಡಿಯಲು ಹೋಗಬೇಡಿ, ಬಡಿತವನ್ನು ಹದದಲ್ಲಿಡಿ. ಬಡಿತ ಏರಿದರೆ ನಿಧಾನ ಮಾಡಿ. ಇಲ್ಲಿನ ಸರ್ಕಾರಗಳೇ ಬೇಸಿಗೆಯಲ್ಲಿ ಬಯಲಿನ ಕೆಲಸ ನಿಲ್ಲಿಸುತ್ತವೆ: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3, ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ 3.30, ಕುವೈತಿನಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ 4. ಸಂಬಳಕ್ಕೇ ಮಾಡಬಾರದ ಹೊತ್ತಿನಲ್ಲಿ ಆರೋಗ್ಯಕ್ಕೆ ಅಂತ ಓಡುವುದು ಸರಿಯಲ್ಲ. ಆ ತಿಂಗಳುಗಳಲ್ಲಿ ಮಾಲ್‌ನ ಒಳಗೆ, ಬಿಲ್ಡಿಂಗಿನ ಕಾರಿಡಾರಿನಲ್ಲಿ, ಎಸಿ ಇರುವ ಜಿಮ್ಮಿನಲ್ಲಿ ನಡೆದರೂ ನಡಿಗೆ ನಡಿಗೆಯೇ.

ಸೈಟಿನಲ್ಲಿ ದಿನವಿಡೀ ಭಾರ ಹೊರುವವರಿಗೆ ಇನ್ನೊಂದು ಮಾತು. ಕೆಲಸದ ಶ್ರಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂಥವರು ಸಂಜೆ ಮತ್ತೆ ಓಡಬೇಕಾಗಿಲ್ಲ, ಅವರಿಗೆ ಬೇಕಾದದ್ದು ನೀರು, ನಿದ್ದೆ, ರಜಾದಿನದ ನಿಧಾನ ನಡಿಗೆ. ಈ ಲೆಕ್ಕ ಹೆಚ್ಚಾಗಿ ಬೇಕಿರುವುದು ಕೂತು ದುಡಿಯುವವರಿಗೆ.

ಮಾತ್ರೆ ತಿನ್ನುವವರು ಗಮನಿಸಿ

ಬಿಪಿಗೆ, ಹೃದಯಕ್ಕೆ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಊರಿಗೆ ಹೋದಾಗ ಆರು ತಿಂಗಳಿಗಾಗುವಷ್ಟು ಕಟ್ಟಿಕೊಂಡು ಬರುವುದೂ ಇದೆ. ಈ ಬೀಟಾ ಬ್ಲಾಕರ್ ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ, ಎಷ್ಟು ಶ್ರಮಪಟ್ಟರೂ ಅದು ಚಾರ್ಟಿನ ಅಂಕಿ ಮುಟ್ಟದಿರಬಹುದು. ಅವರಿಗೆ 220ರ ಸೂತ್ರ ಅನ್ವಯಿಸುವುದಿಲ್ಲ. ಅಂಕಿ ಬರಲಿಲ್ಲ ಅಂತ ಇನ್ನಷ್ಟು ಓಡಿದರೆ ಅಪಾಯ. ಅಂಕಿಗಾಗಿ ಮಾತ್ರೆ ನಿಲ್ಲಿಸಿದರೆ ಅದು ಇನ್ನೂ ದೊಡ್ಡ ಅಪಾಯ. ಇವರು ಮಾತಿನ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಕು, ಎಷ್ಟರವರೆಗೆ ಹೋಗಬಹುದು ಅಂತ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಇರುವವರು, ಸಿಗರೇಟು ಸೇದುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿರುವವರು ಜೋರು ವ್ಯಾಯಾಮಕ್ಕೆ ಇಳಿಯುವ ಮೊದಲು ಒಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಜ್ವರ, ನಿದ್ದೆಗೆಟ್ಟ ನೈಟ್ ಶಿಫ್ಟು, ನಾಲ್ಕು ಲೋಟ ಕಾಫಿ, ಇವೂ ಬಡಿತ ಏರಿಸುತ್ತವೆ. ಜ್ವರ ಇದ್ದ ದಿನ ವ್ಯಾಯಾಮಕ್ಕೆ ರಜೆ ಕೊಡಿ.

ಶುರು ಮಾಡುವುದು ಹೀಗೆ

ಮೊದಲ ಎರಡು ವಾರ ದಿನಕ್ಕೆ 10-15 ನಿಮಿಷ, ಮಾತಾಡುತ್ತಾ ಹೋಗುವಷ್ಟು ವೇಗದ ನಡಿಗೆ ಸಾಕು. ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷವೂ ನಿಧಾನ. ಜೋರು ನಡಿಗೆಯಿಂದ ತಟಕ್ಕನೆ ನಿಂತುಬಿಡಬೇಡಿ, ತಲೆ ತಿರುಗಬಹುದು. ಆಮೇಲೆ ವಾರವಾರ ಐದು ನಿಮಿಷ ಏರಿಸುತ್ತಾ 30 ನಿಮಿಷಕ್ಕೆ ಬನ್ನಿ. ವಾರಕ್ಕೆ ಐದು ದಿನ ಹೀಗೆ ನಡೆದರೆ 150 ನಿಮಿಷದ ಲೆಕ್ಕ ಸರಿಹೋಯಿತು. ಏರುದಾರಿ, ಓಟ ಎಲ್ಲ ಅದಾದ ಮೇಲೆ. ಸಾಯರ್ ಕ್ಯಾಂಪ್ ಟ್ರೇಲ್ ಸುಮಾರು ಆರು ಮೈಲಿ ಉದ್ದ ಇದ್ದರೂ ಎಲ್ಲರೂ ಅದನ್ನು ಪೂರ್ತಿ ನಡೆಯಬೇಕಾಗಿಲ್ಲ, ತಮ್ಮ ಹದದಲ್ಲಿ ಹದಿನೈದು ನಿಮಿಷ ಹೋಗಿ ಹಾಗೇ ತಿರುಗಿ ಬಂದರೂ ಅರ್ಧ ಗಂಟೆಯಾಯಿತು. ಶಾರ್ಜಾದ ಕಾರ್ನಿಷ್‌ನಲ್ಲೂ ಅಷ್ಟೇ.

ನಡೆಯುವಾಗ ಎದೆ ಬಿಗಿದರೆ, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಕಿತ್ತುಬಂದರೆ, ಕಣ್ಣು ಕತ್ತಲೆ ಬಂದರೆ ವಾಚ್ ನೋಡುತ್ತಾ ನಿಲ್ಲಬೇಡಿ. ಅಂಕಿ ಸರಿಯಾಗೇ ಇದ್ದರೂ ಅಲ್ಲೇ ಕೂತು ಆಂಬುಲೆನ್ಸ್ ಕರೆಸಿ. ಗ್ಯಾಸ್ ಆಗಿರಬೇಕು ಅಂತ ರೂಮಿಗೆ ಹೋಗಿ ಒಬ್ಬರೇ ಮಲಗಬೇಡಿ. ಡ್ಯೂಟಿಗೆ ರಜೆ ಹಾಕಬೇಕಾಗುತ್ತದೆ, ಆಸ್ಪತ್ರೆ ಬಿಲ್ ಆಗುತ್ತದೆ ಅಂತ ಬೆಳಗಾಗುವುದನ್ನು ಕಾಯಬೇಡಿ. ಈ ನಂಬರುಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ರೂಮಿನ ಜತೆಗಾರರಿಗೂ ಹೇಳಿಕೊಡಿ: ಯುಎಇ 998, ಸೌದಿ 997, ಕತಾರ್ 999, ಬಹ್ರೇನ್ 999, ಕುವೈತ್ 112, ಒಮಾನ್ 9999. ಊರಿನಲ್ಲಿರುವವರಿಗೆ 108.